ಕಡೆಯ ಆಸೆ ಎಂದು ಬರೆದರು

ನನ್ನ ಅಣ್ಣನ ಮಗಳಿಗೆ ಕಂಡಕ್ಟರ್ ಆಗುವ ಆಸೆ ಹುಟ್ಟಿದ್ದು ಆಸ್ಪತ್ರೆಗೆ ಓಡಾಡುವ ಬಸ್ಸಿನಲ್ಲಿ. ಆಗ ಅವಳಿಗೆ ಒಂಬತ್ತು ವರ್ಷ. ರಕ್ತದ ಕ್ಯಾನ್ಸರ್ ಎಂದು ಮಿರಜದ ಡಾಕ್ಟರು ಹೇಳಿ ಕೆಲವು ತಿಂಗಳು ಕಳೆದಿದ್ದವು. ಅಣ್ಣ, ಅವನ ಹೆಂಡತಿ ವೈನಿ ಅವಳನ್ನು ಕರೆದುಕೊಂಡು ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ನಮ್ಮ ಊರು ತಿಕೋಂಡಿಯಿಂದ ಬೆಳಗಿನ ಬಸ್ಸಿಗೆ ಜತ್ತಕ್ಕೆ ಬರುತ್ತಿದ್ದರು. ಜತ್ತದ ಸ್ಟ್ಯಾಂಡಿನ ಎದುರು ನನ್ನದು ಮೊಬೈಲ್ ರಿಪೇರಿ ಅಂಗಡಿ. ಅಲ್ಲಿ ಚಹಾ ಕುಡಿದು ಮಿರಜದ ಬಸ್ಸು ಹತ್ತುತ್ತಿದ್ದರು. ಡಾಕ್ಟರ ಎದುರು ಬಾಯಿಬಿಟ್ಟು ಕೇಳಲು ಅಣ್ಣನಿಗೆ ಧೈರ್ಯ ಸಾಲುತ್ತಿರಲಿಲ್ಲ. ಹಾಗಾಗಿ ಎಷ್ಟೋ ಸಲ ನಾನೂ ಅಂಗಡಿ ಮುಚ್ಚಿ ಜೊತೆಗೆ ಹೋಗುತ್ತಿದ್ದೆ.

ತಿಕೋಂಡಿ ಬಸ್ಸಿಗೆ ಒಬ್ಬ ಹೆಣ್ಣುಮಗಳು ಕಂಡಕ್ಟರ್ ಇದ್ದಳು. ಔಷಧದ ಸಂಕಟಕ್ಕೆ ಹುಡುಗಿ ವಾಂತಿ ಮಾಡಿಕೊಂಡರೂ ಆಕೆ ಮುಖ ಸಿಂಡರಿಸುತ್ತಿರಲಿಲ್ಲ. ತನ್ನ ಪಕ್ಕದಲ್ಲೇ ಕಿಟಕಿಯ ಹತ್ತಿರ ಕೂರಿಸಿಕೊಳ್ಳುತ್ತಿದ್ದಳು, ಟಿಕೆಟ್ ಮಷಿನ್ನಿನ ಗುಂಡಿ ಒತ್ತಲು ಕೊಡುತ್ತಿದ್ದಳು. ಒಂದು ಸಲ ಗಂಟೆ ಹೊಡೆದರೆ ಅಷ್ಟು ದೊಡ್ಡ ಗಾಡಿ ನಿಲ್ಲುತ್ತದೆ, ಎರಡು ಸಲ ಹೊಡೆದರೆ ಹೊರಡುತ್ತದೆ. ಹುಡುಗಿಗೆ ಇದು ಲೋಕದ ಎಲ್ಲಕ್ಕಿಂತ ದೊಡ್ಡ ಅಧಿಕಾರವಾಗಿ ಕಂಡಿತ್ತು.

ಮನೆಯಲ್ಲಿ ಆಗ ಆಟವಾಡಲು ಅವಳಿಗೆ ಏನೂ ಉಳಿದಿರಲಿಲ್ಲ. ಕುರಿಗಳ ಹತ್ತಿರ ಬಿಡಬೇಡಿ, ಸೋಂಕು ತಗಲೀತು ಎಂದು ಡಾಕ್ಟರು ಹೇಳಿದ್ದರಿಂದ ಅಣ್ಣ ಕುರಿಗಳನ್ನೆಲ್ಲ ಬೀಗರ ಹಿಂಡಿಗೆ ಸೇರಿಸಿದ್ದ. ಸಂಜೆಯಾದರೆ ಕುರಿಮರಿಗಳ ಕೂಗಿಗೆ ಮಾತೇ ಕೇಳದ ಮನೆ ಅದು. ಈಗ ಹೋದರೆ ದೊಡ್ಡಿಯ ಮುಳ್ಳಿನ ಬೇಲಿ, ಒಳಗೆ ಒಣಗಿದ ಹಿಕ್ಕೆ, ಬಾಗಿಲಲ್ಲಿ ಕೂದಲಿಲ್ಲದ ತಲೆಗೆ ವಸ್ತ್ರ ಸುತ್ತಿಕೊಂಡು ಕೂತ ಹುಡುಗಿ. ಅಲ್ಲಿ ಕೂತು ಅವಳು ಖಾಲಿ ಅಂಗಳಕ್ಕೆ ತಿಕೀಟು ಕೊಡುತ್ತಿದ್ದಳು.

ಮಿರಜದ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಒಂದು ಸಂಸ್ಥೆಯವರು ಬರುತ್ತಿದ್ದರು. ಬಣ್ಣದ ಪೆನ್ಸಿಲ್ಲು ಕೊಟ್ಟು, ಕತೆ ಹೇಳಿ, ಹೋಗುವ ಮೊದಲು ನಿನ್ನ ಆಸೆ ಏನು ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಒಬ್ಬ ತರುಣಿ ನಮ್ಮ ಹುಡುಗಿಯನ್ನೂ ಕೇಳಿದಳು. ಹುಡುಗಿ ತಡಮಾಡದೆ ಮರಾಠಿಯಲ್ಲಿ, ಕಂಡಕ್ಟರ್ ಆಗಬೇಕು ಅಂದಳು. ತರುಣಿ ಗೊಂಬೆಯನ್ನೋ ಸೈಕಲ್ಲನ್ನೋ ನಿರೀಕ್ಷಿಸಿದ್ದಿರಬೇಕು, ನಕ್ಕುಬಿಟ್ಟಳು. ಅಣ್ಣನೂ ನಕ್ಕ. ಬಹಳ ದಿನಗಳ ಮೇಲೆ ಅವನು ನಕ್ಕದ್ದನ್ನು ನಾನು ಕಂಡೆ.

ಆಸೆ ನಡೆಸಿಕೊಟ್ಟರು. ಅದರಲ್ಲಿ ಸುಳ್ಳಿಲ್ಲ. ಚಳಿಗಾಲದ ಒಂದು ದಿನ, ಡಾಕ್ಟರು ಪರವಾಗಿಲ್ಲ ಎಂದ ವಾರ ನೋಡಿಕೊಂಡು, ಅವಳ ಅಳತೆಗೆ ಖಾಕಿ ಹೊಲಿಸಿ, ಟೊಪಗಿ ಹಾಕಿ, ಹೆಗಲಿಗೆ ಚರ್ಮದ ಚೀಲ ತೊಡಿಸಿ, ಜತ್ತದಿಂದ ತಿಕೋಂಡಿಗೆ ಹೋಗುವ ಬಸ್ಸಿನಲ್ಲಿ ಆ ಹೆಣ್ಣುಮಗಳ ಜೊತೆಗೆ ನಿಲ್ಲಿಸಿದರು. ಮುಖಕ್ಕೆ ಮಾಸ್ಕ್ ಇತ್ತು. ಕಣ್ಣುಗಳಷ್ಟೇ ಕಾಣುತ್ತಿದ್ದವು.

"ಎಲ್ಲಿಗೆ ಹೋಗೂರಿ?" ಎಂದು ಒಬ್ಬೊಬ್ಬರನ್ನೂ ಕೇಳುತ್ತ ಬಂದಳು. ಮರಾಠಿಯವರಿಗೆ, "ಕುಠೆ ಜಾಯಚಂಯ?" ನನ್ನ ಮುಂದೆಯೂ ಬಂದು ನಿಂತಳು.

"ಕಾಕಾ, ತಿಕೀಟ ತಗೋ."

"ಯವ್ವಾ, ನಾ ನಿಮ್ಮ ಕಾಕಾ ಅಲ್ಲೇನ? ನನಗೂ ತಿಕೀಟೇನ?"

"ಕಾಕಾ ಮನ್ಯಾಗ. ಗಾಡ್ಯಾಗ ಎಲ್ಲಾರಿಗೂ ತಿಕೀಟ."

ಬಸ್ಸಿಗೆ ಬಸ್ಸೇ ನಕ್ಕಿತು. ಹೆಂಗಸರಿಗೆ ಅರ್ಧ ತಿಕೀಟು ಎಂದು ಅವಳಿಗೆ ಗೊತ್ತಿತ್ತು, ಒಬ್ಬ ಮುದುಕಿಗೆ ತಾನೇ ತಿಳಿಸಿ ಹೇಳಿದಳು. ದರಿಬಡಚಿಯ ನಿಲ್ದಾಣದಲ್ಲಿ ಇಳಿಯುವವರು ಇಳಿದ ಮೇಲೆ ಎರಡು ಗಂಟೆ ಹೊಡೆದಳು, ಬಸ್ಸು ಹೊರಟಿತು. ಆಗ ಅವಳು ನನ್ನತ್ತ ತಿರುಗಿ ನೋಡಿದ ನೋಟವನ್ನು ನಾನು ಯಾರ ಜೊತೆ ಎಷ್ಟು ವಾದ ಮಾಡಿದರೂ ಅಲ್ಲಗಳೆಯಲಾರೆ. ಅಷ್ಟು ಸುಖವಾಗಿದ್ದಳು.

ಸಂಸ್ಥೆಯ ಜೊತೆ ಕ್ಯಾಮೆರಾದ ಇಬ್ಬರು ತರುಣರು ಬಂದಿದ್ದರು. ಅವರಲ್ಲೊಬ್ಬ ಊರು ಹತ್ತಿರವಾದಾಗ ಹುಡುಗಿಗೆ ಮರಾಠಿಯಲ್ಲಿ, ಒಂದು ಗಳಿಗೆ ಮಾಸ್ಕೂ ಟೊಪಗಿಯೂ ತೆಗೆ ಎಂದ. ಅವಳು ತೆಗೆದು ನಕ್ಕಳು. ಕಿಟಕಿಯ ಬಿಸಿಲು ಬೋಳುತಲೆಯ ಮೇಲೆ ಬಿತ್ತು. ವೈನಿ ನನ್ನ ಕಿವಿಯ ಹತ್ತಿರ, "ಟೊಪಗಿ ಯಾಕ ತೆಗಸತಾರ? ಚಲೋ ಕಾಣತಿತ್ತಲ್ಲ?" ಅಂದಳು. ಬೆಳಕಿಗೆ ಇರಬೇಕು ಅಂದೆ ನಾನು.

ವಿಡಿಯೊ ಬಂದಾಗ ಮೊದಲಿಗೆ ನಮ್ಮೆಲ್ಲರಿಗೂ ಹೆಮ್ಮೆಯೇ. ನಾನೂ ಸ್ಟೇಟಸ್‌ಗೆ ಹಾಕಿಕೊಂಡೆ. ತಿಕೋಂಡಿಯ ಕನ್ನಡ ಸಾಲಿಯ ಮಾಸ್ತರರು ಮಕ್ಕಳಿಗೆ ತೋರಿಸಿದರು. ಆಮೇಲೆ ಅದು ನಮ್ಮನ್ನು ದಾಟಿ ಹೋಯಿತು. ಸಾಂಗಲಿ, ಕೊಲ್ಹಾಪುರ, ಪುಣೆ, ಈ ಕಡೆ ವಿಜಯಪುರ. ನಾಲ್ಕೈದು ದಿನಗಳ ಮೇಲೆ ಅದೇ ವಿಡಿಯೊ ಬೇರೆ ರೂಪದಲ್ಲಿ ತಿರುಗಿ ಬಂತು. ಹಿಂದೆ ಕೊಳಲು ಕೂಡಿಸಿದ್ದರು. ಬೋಳುತಲೆಯ ಚಿತ್ರ ಮೊದಲಿಗೇ ಇತ್ತು. ಅದರ ಮೇಲೆ ದಪ್ಪಕ್ಷರದಲ್ಲಿ ಮರಾಠಿಯ ಎರಡು ಶಬ್ದ: ಶೇವಟಚಿ ಇಚ್ಛಾ. ಅಂದರೆ ಕಡೆಯ ಆಸೆ.

ಸಂಸ್ಥೆಯವರು ಹಾಕಿದ್ದರಲ್ಲಿ ಆಸೆ ಎಂದಷ್ಟೇ ಇತ್ತು. ಕಡೆಯದು ಎಂದು ಡಾಕ್ಟರು ಹೇಳಿರಲಿಲ್ಲ, ನಾವು ಹೇಳಿರಲಿಲ್ಲ. ಕೈಯಿಂದ ಕೈಗೆ ಹೋಗುವ ದಾರಿಯಲ್ಲಿ ಎಲ್ಲೋ ಆ ಶಬ್ದ ತಾನಾಗಿ ಬಂದು ಕೂತಿತ್ತು. ಬರೆದವರು ಯಾರೆಂದು ನಾನು ಬಹಳ ಹುಡುಕಿದೆ. ಪ್ರತಿಯೊಬ್ಬರೂ ತಮಗೆ ಹಾಗೆಯೇ ಬಂತು ಅಂದರು.

ಆ ದಿನಗಳಲ್ಲಿ ಹುಡುಗಿಗೆ ಮತ್ತೆ ಜ್ವರ ಬಂದು ಮಿರಜದಲ್ಲಿ ಸೇರಿಸಿದ್ದೆವು. ಬಾಯಿ ತುಂಬ ಹುಣ್ಣಾಗಿ ಅವಳಿಗೆ ಮಾತು ನಿಂತಿತ್ತು. ನೀರು ಬೇಕಾದರೂ ಕೈಸನ್ನೆ. ನಾನು ಎರಡು ದಿನ ಅಂಗಡಿ ತೆಗೆದೆ, ತೆಗೆಯದೆ ನಡೆಯುತ್ತಿರಲಿಲ್ಲ. ಒಬ್ಬ ರೈತ ಪರದೆ ಒಡೆದ ಫೋನು ತಂದುಕೊಟ್ಟ, ದನಿಯೂ ಹೋಗಿದೆ ಅಂದ. ಸ್ಪೀಕರ್ ಬದಲಿಸಿ ಜೋಡಿಸಿದೆ. ಪರದೆ ಪೂರಾ ಕಪ್ಪಾಗಿತ್ತು, ಬೆರಳು ಎಲ್ಲಿ ತಾಗಿತೋ ತಿಳಿಯದು. ಆ ಕಪ್ಪಿನೊಳಗಿನಿಂದ ಅವಳ ದನಿ ಬಂತು.

"ಎಲ್ಲಿಗೆ ಹೋಗೂರಿ?"

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ. ಅದೇ ಹೊತ್ತಿಗೆ ಮಿರಜದಲ್ಲಿ ಅವಳು ಬಾಯಿ ತೆರೆಯಲಾರದೆ ಮಲಗಿದ್ದಾಳೆ ಎಂಬುದು ನೆನಪಾಯಿತು. ಅಂದು ಮಧ್ಯಾಹ್ನ ಪಕ್ಕದ ಚಹಾದಂಗಡಿಯಲ್ಲಿ ಮತ್ತೆ ಕೇಳಿತು. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಯಾರದೋ ಕಿಸೆಯಲ್ಲಿ ಕೇಳಿತು, ಅದನ್ನೇ ರಿಂಗ್‌ಟೋನ್ ಮಾಡಿಕೊಂಡಿದ್ದರು. ಯಾರೋ ಆ ದನಿಯನ್ನು ಎಳೆದು ನಿಧಾನ ಮಾಡಿದ್ದರು. ಅದರಲ್ಲಿ ಅವಳು ಮುದುಕಿಯ ಹಾಗೆ, ಬಾವಿಯೊಳಗಿನಿಂದ ಕೇಳುವವಳ ಹಾಗೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳುತ್ತಿದ್ದಳು. ಮಾತನಾಡಲಾರದ ಹುಡುಗಿಯ ದನಿ ಊರ ತುಂಬ ಓಡಾಡುತ್ತಿತ್ತು.

ಮರುದಿನ ಮಿರಜಕ್ಕೆ ಹೋದೆ. ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಮಗುವಿನ ಅಜ್ಜಿ ಫೋನು ನೋಡುತ್ತಿದ್ದಳು. ಕೊಳಲು ಕೇಳಿದ ಕೂಡಲೇ ನನಗೆ ತಿಳಿಯಿತು. ಅಜ್ಜಿ ಕಣ್ಣೊರೆಸಿಕೊಂಡು, ಎರಡು ಹೆಜ್ಜೆಯಾಚೆ ಮಲಗಿದ್ದವಳೇ ಅವಳೆಂದು ಅರಿಯದೆ, ಪಾಪದ ಕೂಸು ಎಂದು ನಮ್ಮ ಹುಡುಗಿಯತ್ತಲೇ ಫೋನು ತಿರುಗಿಸಿ ತೋರಿಸಿದಳು. ಹುಡುಗಿ ಕತ್ತು ಹೊರಳಿಸಿ ನೋಡಿದಳು. ನಾನು ಎದ್ದು ಅಡ್ಡ ಬರುವಷ್ಟರಲ್ಲಿ ಓದಿಯಾಗಿತ್ತು. ಕನ್ನಡ ಸಾಲಿಯಾದರೇನು, ಮರಾಠಿ ಅವಳಿಗೆ ಓದಲು ಬರುತ್ತಿತ್ತು.

ಬಾಯಿಯ ಹುಣ್ಣು ಮಾಯ್ದ ಮೇಲೆ ಅವಳು ಮೊದಲು ಆಡಿದ ಮಾತು ನನ್ನೊಂದಿಗೆ. ವೈನಿ ನೀರು ತರಲು ಹೋಗಿದ್ದಳು.

"ಕಾಕಾ, ಶೇವಟಚಿ ಅಂದ್ರ ಕಡೀದು ಅಂತಲ್ಲ?"

"ಹಂಗ ಸುಮ್ಮನ ಬರದಾರ ಬಾಳಾ. ಮಂದಿಗೆ ಏನ್ ಗೊತ್ತೈತಿ?"

"ಅವರಿಗೆ ಯಾರ್ ಹೇಳಿದ್ರು?"

"ಯಾರೂ ಹೇಳಿಲ್ಲ."

"ಮತ್ತ ಅವರಿಗೆ ಹೆಂಗ್ ಗೊತ್ತಾತು?"

ನಾವು ಮುಚ್ಚಿಟ್ಟದ್ದನ್ನು ಮಂದಿ ತಿಳಿದುಕೊಂಡಿದ್ದಾರೆ ಎಂದು ಅವಳು ನಂಬಿದಳು. ಅಂದಿನಿಂದ ಅವಳು ಕಂಡಕ್ಟರ್ ಆಟ ಆಡಲಿಲ್ಲ. ವಿಡಿಯೊದ ಮಾತು ಬಂದರೆ ಅವಳು "ನಾ" ಎನ್ನುತ್ತಿರಲಿಲ್ಲ. "ಆಕಿ" ಎನ್ನುತ್ತಿದ್ದಳು. ಆಕಿ ಟೊಪಗಿ ತೆಗೆದಳು. ಆಕಿ ನಕ್ಕಳು. ಒಮ್ಮೆ ನನ್ನನ್ನು ಕೇಳಿದಳು, "ಆಕಿ ಇನ್ನ ಎಷ್ಟ ದಿನಾ ಇರತಾಳ ಕಾಕಾ?"

ಬೇಸಿಗೆ ಹೊತ್ತಿಗೆ ಆಸ್ಪತ್ರೆಯ ದೊಡ್ಡ ಔಷಧ ಮುಗಿದು ಅವಳನ್ನು ಊರಿಗೆ ಕಳಿಸಿದರು. ಇನ್ನು ಮನೆಯಲ್ಲಿ ಗುಳಿಗೆ, ತಿಂಗಳಿಗೊಮ್ಮೆ ತಪಾಸಣೆ. ನಾನೂ ಒಂದು ದಿನ ತಿಕೋಂಡಿಗೆ ಹೋಗಿದ್ದೆ. ಉಣ್ಣಲು ಕೂತಿದ್ದೆವು. ದಾರಿಯ ತಿರುವಿನಿಂದಲೇ ಹೆಂಗಸರು ಹಾಡಿಕೊಂಡು ಅಳುವ ಸದ್ದು ಕೇಳಿಸಿತು. ಯಾರ ಮನೆಗೋ ಏನೋ ಎಂದು ಅಣ್ಣ ಎದ್ದು ಹೊರಗೆ ಬಂದ. ಅಳು ನಮ್ಮ ಅಂಗಳಕ್ಕೇ ಬಂತು.

ಕುಣಿಕೋಣೂರದ ವೈನಿಯ ತವರು ಮಂದಿ. ಗಂಡಸರು ಹೆಗಲ ಮೇಲೆ ವಲ್ಲಿ ಹಾಕಿಕೊಂಡು ತಲೆ ತಗ್ಗಿಸಿ ನಿಂತರು. ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಅವರೇ ರೊಟ್ಟಿ, ಬೇಳೆ, ಅನ್ನದ ಬುತ್ತಿ ಕಟ್ಟಿಕೊಂಡು ಬಂದಿದ್ದರು. ವೈನಿಯ ಅಣ್ಣ ನನ್ನ ಕೈ ಹಿಡಿದು, "ಒಂದ ಮಾತ ಹೇಳಲಿಲ್ರೆಪಾ. ಮಂದಿ ಫೋನಿನ್ಯಾಗ ನೋಡಿ ತಿಳಕೋಬೇಕಾತು" ಎಂದು ಅತ್ತ. ಫೋನು ತೋರಿಸಿದ. ಹುಡುಗಿಯ ಚಿತ್ರ, ಸುತ್ತ ಹೂವಿನ ಹಾರ, ಕೆಳಗೆ ದೀಪ, ಭಾವಪೂರ್ಣ ಶ್ರದ್ಧಾಂಜಲಿ.

ನಮ್ಮ ಬಾಯಿಂದ ಮಾತು ಹೊರಡುವ ಮೊದಲೇ ಹುಡುಗಿ ಬಾಗಿಲಿಗೆ ಬಂದಳು. ಕೈಯಲ್ಲಿ ರೊಟ್ಟಿಯ ತುಂಡು ಇತ್ತು.

ಅಳು ಕತ್ತರಿಸಿದ ಹಾಗೆ ನಿಂತಿತು. ಯಾರೂ ಮುಂದೆ ಬರಲಿಲ್ಲ. ಸಂತೋಷಪಟ್ಟು ಯಾರಾದರೂ ಓಡಿ ಬಂದು ಅವಳನ್ನು ಎತ್ತಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಒಬ್ಬಳು ಹೆಂಗಸು ತನ್ನ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ವೈನಿಯ ದೊಡ್ಡವ್ವ, ಹಣ್ಣು ಮುದುಕಿ, ಹುಡುಗಿಯ ಮುಖ ನೋಡದೆ ಅವಳ ಕಾಲುಗಳನ್ನೇ ನೋಡತೊಡಗಿದಳು. ದೆವ್ವಕ್ಕೆ ಹಿಮ್ಮಡಿ ಮುಂದಿರುತ್ತದೆ ಎಂದು ಸಣ್ಣವಳಿದ್ದಾಗ ವೈನಿಗೆ ಹೇಳುತ್ತಿದ್ದವಳೇ ಅವಳು. ಹುಡುಗಿಗೂ ಹೇಳಿದ್ದಳು.

ಹುಡುಗಿ ತನ್ನ ಕಾಲು ನೋಡಿಕೊಂಡಳು. ಲಂಗ ತುಸು ಮೇಲೆತ್ತಿ ಒಂದು ಪಾದ ಹೊಸ್ತಿಲ ಹೊರಗಿಟ್ಟಳು.

"ನೋಡ ಆಯಿ, ಬರೋಬ್ಬರಿ ಅದಾವ."

ಮುದುಕಿ ಆಗ ಕುಸಿದು ಕೂತು ಅತ್ತಳು. ಆ ಅಳು ಬೇರೆಯೇ ಇತ್ತು. ಆದರೂ ಅಂದು ಅವಳು ಹುಡುಗಿಯ ಕೈಯಿಂದ ನೀರು ಇಸಿದುಕೊಳ್ಳಲಿಲ್ಲ, ವೈನಿಯೇ ಕೊಡಬೇಕಾಯಿತು.

ಬಂದವರು ಹೋದರು. ಬುತ್ತಿ ಕಟ್ಟೆಯ ಮೇಲೆ ಉಳಿಯಿತು. ವೈನಿ ಅದನ್ನು ಒಳಗೆ ತರಗೊಡಲಿಲ್ಲ. "ಯಾರ ಸಲುವಾಗಿ ಕಟ್ಟಿದ್ದು ಅದು? ಅದನ್ನ ನನ್ನ ಮನ್ಯಾಗ ತರಬ್ಯಾಡ್ರಿ" ಎಂದು ಕೂಗಿದಳು. ನಾಯಿಗೂ ಹಾಕಬಾರದು ಅಂದಳು. ಕಡೆಗೆ ನಾನೇ ಹಳ್ಳದ ಹತ್ತಿರ ಒಯ್ದು ಗುಂಡಿ ತೋಡಿ ಮುಚ್ಚಿ ಬಂದೆ. ಅನ್ನದ ಮೇಲೆ ಮಣ್ಣು ಎಳೆದೆ. ಏನನ್ನು ಹೂಳುತ್ತಿದ್ದೇನೆ ಎಂದು ಯೋಚಿಸದೆ ಕೆಲಸ ಮುಗಿಸಿದೆ.

ಆ ಸುದ್ದಿಯಿಂದ ಊರಲ್ಲಿ ಮಾತು ಎದ್ದಿತು. ಸಂಸ್ಥೆಯವರನ್ನು ಕರೆಸಿದರು. ಸಾಲಿಯ ಅಂಗಳದಲ್ಲಿ ಬೇವಿನ ನೆರಳಿಗೆ ಎಲ್ಲರೂ ಕೂತರು. ವಾರ್ಡಿನಲ್ಲಿ ಆಸೆ ಕೇಳಿದ್ದ ತರುಣಿಯೇ ಬಂದಿದ್ದಳು, ಜೊತೆಗೆ ಕ್ಯಾಮೆರಾದ ತರುಣ. ಮಾಸ್ತರರು ನೇರವಾಗಿ ಕೇಳಿದರು, "ಆಸೆ ನಡಸಿದ್ರಿ, ಪುಣ್ಯಾ ಬಂತು. ಅದನ್ನ ಜಗತ್ತಿಗೆ ಯಾಕ ತೋರಸಬೇಕಿತ್ರಿ? ಆಕಿ ಬ್ಯಾನಿ ಆಕೀದು, ನಿಮ್ಮದಲ್ಲ."

ತರುಣ ಮರಾಠಿಯಲ್ಲಿ ಉತ್ತರ ಕೊಟ್ಟ. ಜನ ನೋಡಿದ್ದರಿಂದಲೇ ಸಹಾಯ ಬರುತ್ತದೆ. ಈ ವಿಡಿಯೊ ನೋಡಿದವರೊಬ್ಬರು ಅದೇ ವಾರ್ಡಿನ ಇನ್ನೊಂದು ಮಗುವಿನ ಔಷಧದ ಹೊಣೆ ಹೊತ್ತಿದ್ದಾರೆ. ಮುಚ್ಚಿಟ್ಟು ಮಾಡಿದ್ದರೆ ಆ ಮಗುವಿಗೆ ಏನು ಗತಿ? ಅವನು ಸುಳ್ಳು ಹೇಳುತ್ತಿರಲಿಲ್ಲ, ಆ ಮಗುವನ್ನು ನಾನೂ ನೋಡಿದ್ದೆ.

"ಖರೆ ಐತ್ರಿ," ಎಂದ ಅಣ್ಣ. "ನಾನ ಹೂಂ ಅಂದೀನಿ. ಆಕಿ ಖುಷಿ ಇದ್ಲು."

ವೈನಿ ಹೆಂಗಸರ ನಡುವಿನಿಂದ ಎದ್ದು ನಿಂತಳು. ಸಭೆಯಲ್ಲಿ ಅವಳು ಮಾತಾಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. "ಖುಷಿ ಇದ್ದಿದ್ದು ಟೊಪಗಿ ಹಾಕ್ಕೊಂಡಾಗ್ರಿ. ನೀವು ಮಂದಿಗೆ ತೋರಿಸಿದ್ದು ಟೊಪಗಿ ತಗದಾಗಿಂದು."

ತರುಣಿ ಮುಖ ಮುಚ್ಚಿಕೊಂಡಳು. ನಾವು ಹಾಕಿದ್ದನ್ನು ಇವತ್ತೇ ತೆಗೆಯುತ್ತೇವೆ ಅಂದಳು, ತೆಗೆದರು ಕೂಡ. ಆದರೆ ಉಳಿದವರ ಕೈಯಲ್ಲಿದ್ದದ್ದನ್ನು ಯಾರು ತೆಗೆಯಬೇಕು? ಅದಕ್ಕೆ ತರುಣ ಒಂದು ದಾರಿ ಹೇಳಿದ. ಹುಡುಗಿ ಬದುಕಿದ್ದಾಳೆ ಎಂದು ಇನ್ನೊಂದು ವಿಡಿಯೊ ಮಾಡೋಣ, ನಾನು ಇದ್ದೇನೆ ಎಂದು ಅವಳ ಬಾಯಿಂದಲೇ ಹೇಳಿಸೋಣ. ಅಂಗಳದಲ್ಲಿ ಎರಡು ಪಂಗಡವಾಯಿತು. ಹೇಳದಿದ್ದರೆ ನಾಳೆ ಮತ್ತೆ ಬುತ್ತಿ ಬರುತ್ತದೆ ಎಂದು ಕೆಲವರು. ಬದುಕಿದ್ದೇನೆಂದು ಕೂಸಿನ ಬಾಯಲ್ಲಿ ಹೇಳಿಸುವುದೇ ಅಪಶಕುನ ಎಂದು ಉಳಿದವರು. ಬಹಳ ಹೊತ್ತು ಹಗ್ಗಜಗ್ಗಾಟವಾದ ಮೇಲೆ, ಆಕಿನ್ನ ಕೇಳ್ರಿ ಎಂದು ಮಾಸ್ತರರು ಅಂದರು.

ಹುಡುಗಿ ವೈನಿಯ ಸೆರಗು ಹಿಡಿದು ನಿಂತಿದ್ದಳು. "ನಾ ಒಲ್ಲೆ," ಅಂದಳು. ಯಾಕವ್ವಾ ಎಂದು ಯಾರೋ ಕೇಳಿದರು. "ಅದಕ್ಕೂ ಏನರೆ ಬರೀತಾರ."

ಮತ್ತೆ ಯಾರೂ ಒತ್ತಾಯ ಮಾಡಲಿಲ್ಲ. ಸಭೆ ಯಾವ ತೀರ್ಮಾನವೂ ಇಲ್ಲದೆ ಚದುರಿತು.

ಹುಡುಗಿ ಗುಣವಾದಳು. ವರ್ಷಗಳು ಹಿಡಿದವು, ಆದರೆ ಗುಳಿಗೆಗಳೂ ಮುಗಿದವು. ಹೊಸ ಕೂದಲು ಗುಂಗುರಾಗಿ ಬಂತು, ಕುರಿಗಳು ದೊಡ್ಡಿಗೆ ಮರಳಿದವು. ಈಗ ಅವಳು ಜತ್ತದ ಹೈಸ್ಕೂಲಿಗೆ ಅದೇ ದಾರಿಯ ಬಸ್ಸಿನಲ್ಲಿ ಬರುತ್ತಾಳೆ, ಸಂಜೆ ಬಸ್ಸು ಬರುವ ತನಕ ನನ್ನ ಅಂಗಡಿಯಲ್ಲಿ ಕೂತು ಓದುತ್ತಾಳೆ. ಎತ್ತರವಾಗಿದ್ದಾಳೆ. ಯಾರಿಗೂ ಅವಳ ಗುರುತು ಹತ್ತುವುದಿಲ್ಲ. ವಿಡಿಯೊ ಮಾತ್ರ ಸತ್ತಿಲ್ಲ. ವರ್ಷಕ್ಕೆ ಒಂದೆರಡು ಸಲ ಎಲ್ಲಿಂದಲೋ ಎದ್ದು ಬರುತ್ತದೆ.

ಮೊನ್ನೆ ಹಾಗೆಯೇ ಒಬ್ಬಳು ಹೆಂಗಸು ಚಾರ್ಜ್ ಆಗದ ಫೋನು ತಂದಿದ್ದಳು. ಮಿರಜ ಕಡೆಯವಳು, ಮಗಳನ್ನು ಈ ಭಾಗಕ್ಕೆ ಕೊಟ್ಟಿದ್ದಳು. ಸರಿಮಾಡಿ ಕೊಟ್ಟೆ. ಅದರಲ್ಲಿ ಅದೇ ವಿಡಿಯೊ ಹಚ್ಚಿ ನೋಡುತ್ತ ನಿಂತವಳು ಮೂಗು ಒರೆಸಿಕೊಂಡಳು. ಬೆಂಚಿನ ಮೇಲಿದ್ದ ಹುಡುಗಿಗೆ ತೋರಿಸಿ, "ನೋಡ ತಂಗಿ, ಇದ್ದಿದ್ರ ನಿನ್ನಷ್ಟ ಆಗತಿದ್ಲು" ಅಂದಳು.

ನಾನು ಬಾಯಿ ತೆರೆದೆ. ಹುಡುಗಿ ಕಣ್ಣಿನಿಂದಲೇ ನನ್ನನ್ನು ತಡೆದಳು.

"ಯಾವಾಗ ಹೋದಳ್ರಿ?"

ಹೆಂಗಸಿಗೆ ಎಲ್ಲವೂ ಗೊತ್ತಿತ್ತು. ತಿಕೀಟು ಕೊಡುತ್ತಲೇ ಬಸ್ಸಿನಲ್ಲಿ ಜೀವ ಹೋಯಿತಂತೆ. ದರಿಬಡಚಿ ದಾಟಿದ ಮೇಲಿನ ತಿರುವಿನಲ್ಲಿ. ಆ ತಿರುವಿನಲ್ಲಿ ಈಗಲೂ ಮುಸ್ಸಂಜೆ ಬಸ್ಸು ಖಾಲಿ ಇದ್ದರೆ ಹಿಂದಿನಿಂದ ಗಂಟೆ ತಾನಾಗಿ ಬಾರಿಸುತ್ತದಂತೆ. ತಿರುಗಿ ನೋಡಿದವರಿಗೆ ಖಾಕಿ ತೊಟ್ಟ ಕೂಸು, ಎಲ್ಲಿಗೆ ಹೋಗೂರಿ ಎಂದು ಕೇಳುತ್ತದಂತೆ. ಹೇಳಬಾರದಂತೆ. ಊರ ಹೆಸರು ಹೇಳಿದರೆ ಜೊತೆಗೆ ಇಳಿಯುತ್ತದಂತೆ.

"ಹೇಳಿದವರಿಗೆ ಏನರೆ ಮಾಡತಾಳೇನ್ರಿ?" ಹುಡುಗಿಯ ದನಿಯಲ್ಲಿ ತಮಾಷೆ ಇರಲಿಲ್ಲ.

"ಏನ್ ಮಾಡತೈತ್ಯವ್ವಾ ಪಾಪ. ಮನಿ ಬಾಗಲಾ ತನಕ ಬಂದು ನಿಂದರತೈತಂತ."

ಹೆಂಗಸು ಹೋದ ಮೇಲೆ ನಾನು ಕೇಳಿದೆ, "ನಾನ ಆಕಿ ಅಂತ ಯಾಕ ಹೇಳಲಿಲ್ಲ?"

"ನಂಬತಿದ್ಲೇನ ಕಾಕಾ? ಮೊದಲ ನನ್ನ ಕಾಲ ನೋಡತಿದ್ಲು."

ಚೀಲ ಹೆಗಲಿಗೇರಿಸಿಕೊಂಡು ಎದ್ದಳು. ತಿಕೋಂಡಿಯ ಬಸ್ಸು ಸ್ಟ್ಯಾಂಡಿಗೆ ಬಂದಿತ್ತು. ಈ ತಿರುವಿನ ಕತೆ ನಿನಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತು ಅಂದಳು. ಸಾಲಿಯ ಹುಡುಗಿಯರೂ ಹೇಳುತ್ತಾರೆ, ಅಲ್ಲಿ ಬಂದಾಗ ಡ್ರೈವರ್ ಕಾಕಾ ಸಣ್ಣಗೆ ಹಾರ್ನ್ ಹೊಡೆಯುತ್ತಾರೆ ಅಂದಳು.

"ಅಂಜಿಕಿ ಬರೂದಿಲ್ಲೇನ?"

"ಅಂಜಿಕಿ ಇಲ್ಲ. ಆದ್ರ ಅಲ್ಲಿ ಬಂದಾಗ ನಾನೂ ಹಿಂದ ಹೊಳ್ಳಿ ನೋಡತೀನಿ."

ಓಡಿಹೋಗಿ ಬಸ್ಸು ಹತ್ತಿದಳು. ಹಿಂದಿನ ಸೀಟುಗಳೆಲ್ಲ ಖಾಲಿ ಇದ್ದವು. ಒಳಗೆ ಎರಡು ಗಂಟೆ ಹೊಡೆದ ಸದ್ದು ಕೇಳಿತು, ಬಸ್ಸು ಹೊರಟಿತು.